ಮಾಸ್ಕ್ ಹಾಕಿ ಓಡಿದ ಹುಡುಗಿ ಹೇಳಿದ್ದು ಸುಳ್ಳಲ್ಲ

ಮೊನ್ನೆ ಮಳೆ ಸ್ವಲ್ಪ ಬಿಟ್ಟಾಗ ನಮ್ಮ ಅಡಿಕೆ ತೋಟಕ್ಕೆ ಮದ್ದು ಬಿಡಲು, ಅಂದರೆ ಸಿಂಪಡಿಸಲು, ಬಂದಿದ್ದ ಅಣ್ಣ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು, "ಇದು ಹಾಕಿದ್ರೆ ಉಸಿರೇ ಸಿಕ್ಕುದಿಲ್ಲ ಮಾಷ್ಟ್ರೇ" ಅಂದ. ಇದೇ ಮಾತನ್ನು ನಾನು ಶಾಲೆಯ ಗ್ರೌಂಡಿನಲ್ಲೂ ಒಮ್ಮೆ ಕೇಳಿದ್ದೆ. ಅವತ್ತು ಬಾಯಿ ಮುಚ್ಚಿ ನಿಂತಿದ್ದೆ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಕೊರೋನಾ ಸ್ವಲ್ಪ ತಗ್ಗಿ ಕೇರಳದಲ್ಲಿ ಶಾಲೆ ಮತ್ತೆ ಶುರುವಾದದ್ದು 2021ರ ನವೆಂಬರ್ 1ಕ್ಕೆ. ಒಂದೂವರೆ ವರ್ಷ ಮೊಬೈಲ್ ಮುಂದೆ ಕೂತಿದ್ದ ಮಕ್ಕಳು ಗ್ರೌಂಡಿಗೆ ಇಳಿದರು, ಎಲ್ಲರ ಮುಖದಲ್ಲೂ ಮಾಸ್ಕ್. ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಶಾಲೆ. ಹತ್ತನೇ ಕ್ಲಾಸಿನ ಒಬ್ಬಳು ಹುಡುಗಿ, ಎಂಟುನೂರು ಮೀಟರಿನಲ್ಲಿ ನಮ್ಮ ಶಾಲೆಯ ಭರವಸೆ, ಮೂರನೇ ಸುತ್ತಿಗೆ ನಿಂತುಬಿಟ್ಟಳು. ಮೊಣಕಾಲಿಗೆ ಕೈ ಊರಿ ಬಗ್ಗಿದ್ದಳು. ಬೆವರಿಗೆ ಒದ್ದೆಯಾದ ಬಟ್ಟೆಯ ಮಾಸ್ಕ್ ಪ್ರತಿ ಸಲ ಉಸಿರೆಳೆದಾಗಲೂ ತುಟಿಗೆ ಅಂಟಿಕೊಳ್ಳುತ್ತಿತ್ತು, ಬಿಟ್ಟಾಗ ಉಬ್ಬುತ್ತಿತ್ತು. "ಆಗುದಿಲ್ಲ ಸರ್" ಅಂದಳು. ಅಲ್ಲಿದ್ದ ಹಿರಿಯರೊಬ್ಬರು "ನಾಟಕ, ಮನೆಯಲ್ಲಿ ಕೂತು ಮೈಗಳ್ಳತನ ಬಂದಿದೆ" ಅಂದರು. ನಾನು ಎದುರು ಮಾತಾಡಲಿಲ್ಲ. ಅವಳು ಮತ್ತೆ ಟ್ರ್ಯಾಕಿಗೆ ಬರಲಿಲ್ಲ.

ಅವಳು ಹೇಳಿದ್ದು ಸತ್ಯ. ಆದರೆ ಆಗ ವಾಟ್ಸ್‌ಆ್ಯಪಿನಲ್ಲಿ ಹರಿದಾಡುತ್ತಿದ್ದ ಕಾರಣ ಸತ್ಯವಲ್ಲ. ಮಾಸ್ಕಿನೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ ರಕ್ತ ವಿಷವಾಗುತ್ತದೆ ಎಂಬ ಹೆದರಿಕೆ ಬೇಡ. ಆ ಅಣುಗಳಿಗೆ ಬಟ್ಟೆಯ ರಂಧ್ರವೆಂದರೆ ಬಾಗಿಲು ಪೂರಾ ತೆರೆದಿಟ್ಟ ಹಾಗೆ. ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದವರು 2020ರಲ್ಲಿ 14 ಮಂದಿಗೆ ಮಾಸ್ಕ್ ಹಾಕಿಸಿ, ಸುಸ್ತಾಗಿ ನಿಲ್ಲಿಸುವವರೆಗೂ ಸೈಕಲ್ ತುಳಿಸಿದರು. ರಕ್ತದ ಆಮ್ಲಜನಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಉಸಿರು ಕಟ್ಟಿದ ಹಾಗೆ ಆಗುವುದು ಯಾಕೆ? ಸುಮ್ಮನೆ ಕೂತಿರುವಾಗ ನಾವು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆಯುತ್ತೇವೆ. ದೊಡ್ಡವರು ಜೀವ ಬಿಟ್ಟು ಓಡುವಾಗ ಅದು ನೂರು ಲೀಟರ್ ದಾಟುತ್ತದೆ. ಅಷ್ಟೂ ಗಾಳಿ ಬಟ್ಟೆಯ ಮೂಲಕವೇ ಹೋಗಿ ಬರಬೇಕು. ಎದೆಯ ಸ್ನಾಯುಗಳಿಗೆ ಹೆಚ್ಚಿನ ದುಡಿಮೆ, ಒಳಗೆ ಬಿಸಿ, ತೇವ. ಬಟ್ಟೆ ಒದ್ದೆಯಾದರಂತೂ ಇನ್ನೂ ಕಷ್ಟ. ನಮ್ಮ ಕರಾವಳಿಯ ಸೆಖೆಗೆ ಅದು ಒದ್ದೆಯಾಗಲು ಎಷ್ಟು ಹೊತ್ತು ಬೇಕು? ಜರ್ಮನಿಯ ಲೈಪ್ಜಿಗ್‌ನಲ್ಲಿ 12 ಮಂದಿ ಆರೋಗ್ಯವಂತ ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ, ಎನ್95ನಂಥ ದಪ್ಪದ ಎಫ್‌ಎಫ್‌ಪಿ2 ಮಾಸ್ಕ್ ಹಾಕಿದಾಗ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಶೇ. 13ರಷ್ಟು ಇಳಿದಿತ್ತು. 2021ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಬಟ್ಟೆಯ ಮಾಸ್ಕ್ ಹಾಕಿ ಟ್ರೆಡ್‌ಮಿಲ್ ಓಡಿದ 31 ಮಂದಿ ಸುಮಾರು ಶೇ. 14 ಬೇಗ ನಿಲ್ಲಿಸಿದರು. ಉಸಿರು ಕಟ್ಟಿದ ಹಾಗಾಯಿತು ಅಂತ ಅವರೂ ಹೇಳಿದರು. ಅವರನ್ನು ಯಾರೂ ನಾಟಕ ಅನ್ನಲಿಲ್ಲ.

ನಡಿಗೆಗೆ, ಸಣ್ಣಪುಟ್ಟ ಕೆಲಸಕ್ಕೆ ಮಾಸ್ಕ್ ಅಡ್ಡಿಯಲ್ಲ. ಆದರೆ ಏದುಸಿರು ಬಿಟ್ಟು ಓಡುವಾಗ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಜೂನಿನಲ್ಲಿ ಹೇಳಿತ್ತು, ಬದಲಿಗೆ ಅಂತರ ಇಟ್ಟುಕೊಳ್ಳಿ ಅಂದಿತ್ತು. ನಮ್ಮದು ಬಯಲು, ಬೇಕಾದಷ್ಟು ಜಾಗ. ಮಕ್ಕಳನ್ನು ದೂರ ದೂರ ನಿಲ್ಲಿಸಿ, ಮಾಸ್ಕ್ ತೆಗೆಸಿ ಓಡಿಸಬಹುದಿತ್ತು.

(ಕಬಡ್ಡಿ ಆಡುವ ನಮ್ಮ ಹುಡುಗರಿಗೂ ಒಂದು ಮಾತು. ಆನ್‌ಲೈನಿನಲ್ಲಿ ಸಿಗುವ ಕಪ್ಪು ಟ್ರೈನಿಂಗ್ ಮಾಸ್ಕಿಗೆ ದುಡ್ಡು ಹಾಕಬೇಡಿ. ಅದು ಹಾಕಿದರೆ ಎತ್ತರದ ಬೆಟ್ಟದಲ್ಲಿ ಅಭ್ಯಾಸ ಮಾಡಿದ ಹಾಗೆ ಅನ್ನುವ ಮಾತು ನಂಬಬೇಡಿ. ಬೆಟ್ಟದ ಮೇಲೆ ಗಾಳಿಯೇ ತೆಳು. ಮಾಸ್ಕ್ ಗಾಳಿಯನ್ನು ತಡೆಯುತ್ತದೆ ಅಷ್ಟೆ, ತೆಳು ಮಾಡುವುದಿಲ್ಲ.)

ಇನ್ನು ಮದ್ದು ಬಿಡುವ ಅಣ್ಣನ ವಿಷಯ. ಅವನಿಗೆ ಮಾಸ್ಕ್ ತೆಗಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕೊಳೆರೋಗಕ್ಕೆ ನಾವೆಲ್ಲ ಬಿಡುವುದು ಅದನ್ನೇ. ಮರದ ತುದಿಗೆ ಹಾರಿಸಿದ್ದು ಕೆಳಗೆ ನಿಂತವನ ಮೇಲೇ ಇಳಿಯುತ್ತದೆ. ಅವನ ತಲೆಯ ಮುಟ್ಟಾಳೆ, ಹೆಗಲ ಬೈರಾಸು, ಹುಬ್ಬು ಎಲ್ಲಾ ನೀಲಿ. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ಇದೇ ಬೋರ್ಡೋ ದ್ರಾವಣ ಸಿಂಪಡಿಸುತ್ತಿದ್ದವರ ಶ್ವಾಸಕೋಶ ಕೆಟ್ಟದ್ದನ್ನು ವೈದ್ಯರು 1969ರಲ್ಲೇ ಬರೆದಿಟ್ಟಿದ್ದಾರೆ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡ ಜಿಲ್ಲೆ ನಮ್ಮದು. ಉಸಿರಿನ ಜೊತೆ ಏನು ಒಳಗೆ ಹೋಗುತ್ತದೆ ಎಂಬುದನ್ನು ನಮಗೆ ಬೇರೆಯವರು ಕಲಿಸಬೇಕಾಗಿಲ್ಲ.

ಹಾಗಾಗಿ ಅವನಿಗೆ ಮಾಸ್ಕ್ ಬೇಕೇ ಬೇಕು. ಮಾಸ್ಕ್ ಹಾಕಿದವನಿಂದ ಹಾಕದವನ ವೇಗ ಕೇಳುತ್ತೇವಲ್ಲ, ತಪ್ಪು ಅಲ್ಲಿದೆ. ಮಳೆ ಬರುವ ಮೊದಲು ಇಷ್ಟು ಡ್ರಮ್ ಮುಗಿಯಬೇಕು ಅಂತ ಅವಸರ ಮಾಡುವವರು ತೋಟದ ಯಜಮಾನರಾದ ನಾವೇ. ದಮ್ಮು ಹಿಡಿಯದೆ ಅವನು ಮಾಸ್ಕ್ ಇಳಿಸುತ್ತಾನೆ. ಆಮೇಲೆ "ಅವರಿಗೆ ಎಷ್ಟು ಹೇಳಿದರೂ ಹಾಕುವುದಿಲ್ಲ" ಅಂತ ದೂರುವವರೂ ನಾವೇ.

ಅವತ್ತು ಪಂಪ್ ಆಫ್ ಮಾಡಿಸಿದೆ. ಅವನು ಅಂಗಳದ ಕಟ್ಟೆಯಲ್ಲಿ ಕೂತು ಮುಖ ತೊಳೆದು ಬೆಲ್ಲ ನೀರು ಕುಡಿದ. ಒಣಗಿದ ಇನ್ನೊಂದು ಮಾಸ್ಕ್ ಕೊಟ್ಟೆ. ಅರ್ಧ ಗಂಟೆಗೊಮ್ಮೆ ಹೀಗೇ ಕೂರುವುದು, ಸಂಬಳದಲ್ಲಿ ಒಂದು ಪೈಸೆ ಕಡಿಮೆ ಇಲ್ಲ ಅಂತ ಮಾತಾಯಿತು. ಎರಡು ಡ್ರಮ್ ಮದ್ದು ಮರುದಿನಕ್ಕೆ ಉಳಿಯಿತು.