ಒಲೆಯ ಮಾತು ಕೊನೆಗಿರಲಿ: ಹಾಸ್ಟೆಲ್ ಕೋಣೆಯ ಊಟದ ಬಗ್ಗೆ

ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವರು, ಹಾಸ್ಟೆಲ್ ಮತ್ತು ಪಿಜಿಗಳಲ್ಲಿರುವ ಕಾಲೇಜು ವಿದ್ಯಾರ್ಥಿಗಳು ಊಟದ ಮಾತು ಬಂದಾಗ ಮೊದಲು ಕೇಳುವುದು ಯಾವ ಒಲೆ ಕೊಳ್ಳಬೇಕು ಎಂದು. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮನೆಯಲ್ಲಿ ಉಣ್ಣುತ್ತಿದ್ದ ಅನ್ನ, ಸಾರು, ಪಲ್ಯಗಳನ್ನೇ ಹತ್ತಡಿ ಕೋಣೆಯಲ್ಲಿ ದಿನವೂ ಮಾಡಲು ಹೊರಟವರಲ್ಲಿ ಹೆಚ್ಚಿನವರು, ಪಾತ್ರೆ ತೊಳೆಯುವ ಸಿಂಕ್ ಕೂಡ ಇಲ್ಲದ ಆ ಜಾಗದಲ್ಲಿ ಬೇಗನೆ ಸುಸ್ತಾಗಿ ನೂಡಲ್ಸ್ ಮತ್ತು ಬೇಕರಿ ಪಫ್‌ಗಳಿಗೆ ಶರಣಾಗುತ್ತಾರೆ. ಒಲೆಯನ್ನೇ ಹಚ್ಚದೆ ಉಣ್ಣಬಹುದಾದ ಪದಾರ್ಥಗಳು ನಮ್ಮ ಊಟದಲ್ಲಿ ಧಾರಾಳವಾಗಿವೆ. ಕೋಣೆಯ ಊಟವನ್ನು ಅವುಗಳಿಂದ ಆರಂಭಿಸಬೇಕು. ಬೇಯಿಸುವ ಕೆಲಸ ಅವುಗಳಿಗೆ ಪೂರಕವಾಗಿ ಬಂದರೆ ಸಾಕು.

ಈ ವಿಷಯದಲ್ಲಿ ಉತ್ತರ ಕರ್ನಾಟಕದವರಿಗೆ ದೊಡ್ಡ ಅನುಕೂಲವಿದೆ. ಸುತ್ತಲ ಹಳ್ಳಿಗಳ ತಾಯಂದಿರು ಧಾರವಾಡದಲ್ಲಿ ಓದುವ ಮಕ್ಕಳಿಗೆ ಬಸ್ಸಿನಲ್ಲಿ ಬುತ್ತಿ ಕಳುಹಿಸುತ್ತಿದ್ದುದು ಅಲ್ಲಿ ಓದಿದ ಬಹಳಷ್ಟು ಜನರಿಗೆ ಗೊತ್ತು. ಬುತ್ತಿ ಬರದಿದ್ದರೂ ಚಿಂತೆಯಿಲ್ಲ, ಒಣಗಿಸಿದ ಖಡಕ್ ಜೋಳದ ರೊಟ್ಟಿ ಮತ್ತು ಸಜ್ಜೆ ರೊಟ್ಟಿಗಳು ಈಗ ಬೆಂಗಳೂರಿನ ಅಂಗಡಿಗಳಲ್ಲೂ ಕಟ್ಟುಗಟ್ಟಲೆ ಸಿಗುತ್ತವೆ, ತೇವ ತಾಗದಂತೆ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಅದರ ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳಲ್ಲಿ ಯಾವುದಾದರೂ ಒಂದು, ಒಂದು ಬಟ್ಟಲು ಗಟ್ಟಿ ಮೊಸರು, ಹಸಿ ಈರುಳ್ಳಿ, ಸವತೆಕಾಯಿ, ಮೂಲಂಗಿ, ತೊಳೆದು ಹೆಚ್ಚಿದ ಮೆಂತ್ಯದ ಸೊಪ್ಪಿನ ಪಚಡಿ, ಸಿಕ್ಕ ದಿನ ಹಸಿಯಾಗಿಯೇ ತಿನ್ನುವ ಹಕ್ಕರಕಿ ಸೊಪ್ಪು. ಇದರಲ್ಲಿ ಬೇಯಿಸುವ ಪದಾರ್ಥ ಒಂದೂ ಇಲ್ಲ. ಆದರೂ ಪೂರ್ತಿ ಧಾನ್ಯ, ಎಣ್ಣೆಕಾಳು, ಹಾಲಿನ ಪದಾರ್ಥ, ಹಸಿ ತರಕಾರಿ ನಾಲ್ಕೂ ತಟ್ಟೆಗೆ ಬಂದಿರುತ್ತವೆ. ಇಷ್ಟು ಸಮತೋಲಿತವಾದ ಊಟವನ್ನು ಊರಿನ ಬಡವರ ಊಟವೆಂದು ಬದಿಗಿಟ್ಟು, ಅದರ ಹಲವು ಪಟ್ಟು ಬೆಲೆಗೆ ಮ್ಯೂಸ್ಲಿ ಡಬ್ಬಿ ಕೊಳ್ಳುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ದಕ್ಷಿಣದವರಿಗೆ ಕೋಸಂಬರಿ ಇದೆ, ಆದರೆ ನಾವು ಅದನ್ನು ರಾಮನವಮಿಗೆ ಮತ್ತು ಮದುವೆಯ ಎಲೆಯ ತುದಿಗೆ ಸೀಮಿತಗೊಳಿಸಿದ್ದೇವೆ. ಎಲೆಯ ತುದಿಗೆ ಬಡಿಸುವ ಒಂದು ಚಮಚವನ್ನು ಒಂದು ಬಟ್ಟಲಿಗೆ ಏರಿಸಿದರೆ ಅದೇ ರಾತ್ರಿಯ ಊಟವಾಗುತ್ತದೆ. ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ, ನೀರು ಬಸಿದು, ಸವತೆಕಾಯಿ, ಕ್ಯಾರೆಟ್ ತುರಿ, ನಿಂಬೆರಸ, ಉಪ್ಪು, ಕೊತ್ತಂಬರಿ ಸೊಪ್ಪು ಸೇರಿಸಿದರೆ ಮುಗಿಯಿತು. ಒಗ್ಗರಣೆ ಇದ್ದರೆ ಚೆಂದ, ಇಲ್ಲದಿದ್ದರೆ ನಷ್ಟವಿಲ್ಲ. ಅವಲಕ್ಕಿಯೂ ಹೀಗೆಯೇ. ತೆಳು ಅವಲಕ್ಕಿಗೆ ಕಾಯಿತುರಿ ಮತ್ತು ಬೆಲ್ಲ ಬೆರೆಸುವ ಕರಾವಳಿಯ ಕ್ರಮ, ತರಿಯಾಗಿ ಪುಡಿ ಮಾಡಿದ ಅವಲಕ್ಕಿಯನ್ನು ಹುಣಸೆ ನೀರು, ಬೆಲ್ಲ, ಸಾರಿನ ಪುಡಿಯಲ್ಲಿ ನೆನೆಸುವ ಗೊಜ್ಜವಲಕ್ಕಿ, ಸೆಕೆಗಾಲಕ್ಕೆ ಮೊಸರವಲಕ್ಕಿ, ಇವು ಮೂರೂ ಬೆಂಕಿಯಿಲ್ಲದೆ ಆಗುತ್ತವೆ. ಆದರೆ ಅವಲಕ್ಕಿಯೊಂದನ್ನೇ ನಂಬಿದರೆ ಎರಡು ಗಂಟೆಯಲ್ಲಿ ಮತ್ತೆ ಹಸಿವಾಗುತ್ತದೆ, ಏಕೆಂದರೆ ಅದು ಮುಖ್ಯವಾಗಿ ಪಿಷ್ಟ. ಅದಕ್ಕೆ ಒಂದು ಹಿಡಿ ಹುರಿಗಡಲೆ ಅಥವಾ ಶೇಂಗಾ ಬೀಳಲೇಬೇಕು. ತುಮಕೂರು, ಮಂಡ್ಯದ ಕಡೆಯವರಿಗೆ ರಾಗಿ ಹುರಿಹಿಟ್ಟಿನ ಪರಿಚಯ ಮಾಡಿಸಬೇಕಿಲ್ಲ. ಅರಳಿಸಿದ ರಾಗಿಯ ಹಿಟ್ಟಾದ್ದರಿಂದ ಮತ್ತೆ ಬೇಯಿಸಬೇಕಾಗಿಲ್ಲ. ಹಾಲು ಬೆಲ್ಲದೊಡನೆ ಕಲಸಿಕೊಂಡರೆ ಬೆಳಗಿನ ತಿಂಡಿ ಐದು ನಿಮಿಷದ ಕೆಲಸ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ.

ಇಷ್ಟು ಹೇಳಿದ ಕೂಡಲೇ ಪ್ರೋಟೀನ್ ಎಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನ ಪ್ರಕಾರ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಐವತ್ತು ಗ್ರಾಂ ಹೆಸರುಬೇಳೆಯಿಂದ ಹನ್ನೆರಡು ಗ್ರಾಂ, ಐವತ್ತು ಗ್ರಾಂ ಶೇಂಗಾದಿಂದ ಅಷ್ಟೇ, ಎರಡು ಮೊಟ್ಟೆಯಿಂದ ಮತ್ತೆ ಹನ್ನೆರಡು, ಅರ್ಧ ಲೀಟರ್ ಹಾಲು ಅಥವಾ ಮೊಸರಿನಿಂದ ಸುಮಾರು ಹದಿನೈದು ಗ್ರಾಂ ಸಿಗುತ್ತದೆ. ಅಲ್ಲಿಗೆ ಐವತ್ತು ದಾಟಿತು, ರೊಟ್ಟಿ ಅನ್ನಗಳಿಂದ ಬರುವುದು ಬೇರೆ. ಮೊಟ್ಟೆ ತಿನ್ನದವರು ಬೇಳೆಕಾಳನ್ನು ಒಂದಿಷ್ಟು ಹೆಚ್ಚಿಸಿಕೊಳ್ಳಬಹುದು. ಸಾಮಾನ್ಯ ವಿದ್ಯಾರ್ಥಿಯೊಬ್ಬ ಪ್ರೋಟೀನ್ ಪುಡಿಯ ಡಬ್ಬಿಗೆ ಸಾವಿರಾರು ರೂಪಾಯಿ ಸುರಿಯಲು ಈ ಲೆಕ್ಕದಲ್ಲಿ ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಈಗ ಒಲೆಯ ಮಾತು. ಕೊಳ್ಳುವ ಮೊದಲು ಕೋಣೆಯ ಗೋಡೆಯಲ್ಲಿರುವ ಪ್ಲಗ್ ನೋಡಿ. ಸಣ್ಣ ಪಿನ್ನಿನ ಮಾಮೂಲಿ ಸಾಕೆಟ್ 6 ಆಂಪಿಯರ್‌ನದು, 230 ವೋಲ್ಟಿಗೆ ಗುಣಿಸಿದರೆ 1380 ವ್ಯಾಟ್ ಅದರ ಮಿತಿ. ಮಾರುಕಟ್ಟೆಯ ಎಷ್ಟೋ ಕೆಟಲ್‌ಗಳು 1500 ವ್ಯಾಟಿನವು, ಇಂಡಕ್ಷನ್ ಒಲೆಗಳು 1800ರಿಂದ 2000 ವ್ಯಾಟಿನವರೆಗೆ ಎಳೆಯುತ್ತವೆ. ಅವುಗಳಿಗೆ 16 ಆಂಪಿಯರ್‌ನ ದೊಡ್ಡ ಸಾಕೆಟ್ ಬೇಕು. ಅಡಾಪ್ಟರ್ ಸಿಕ್ಕಿಸಿ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕುವುದೆಂದರೆ ತಂತಿಯನ್ನು ಸುಡಲು ಕೊಟ್ಟಂತೆ. ಆದ್ದರಿಂದ ಒಂದೇ ಉಪಕರಣ ಕೊಳ್ಳಲು ಸಾಧ್ಯವಿದ್ದರೆ ಒಂದು ಲೀಟರಿನ ಚಿಕ್ಕ ರೈಸ್ ಕುಕ್ಕರ್ ಕೊಳ್ಳಿ ಎನ್ನುತ್ತೇನೆ. ಅದು ಸಾಮಾನ್ಯವಾಗಿ 500 ವ್ಯಾಟಿನೊಳಗೆ ಮುಗಿಯುತ್ತದೆ, ಬೆಂದ ಮೇಲೆ ತಾನೇ ಬಿಸಿಯಿಡುವ ಹಂತಕ್ಕೆ ಇಳಿಯುತ್ತದೆ, ನೀವು ಓದುತ್ತಾ ಕೂರಬಹುದು.

ರೈಸ್ ಕುಕ್ಕರಿನಲ್ಲಿ ಒತ್ತಡವಿಲ್ಲವಾದ್ದರಿಂದ ತೊಗರಿಬೇಳೆ ಮೆತ್ತಗಾಗಲು ಸತಾಯಿಸುತ್ತದೆ, ಹೆಸರುಬೇಳೆ ಮತ್ತು ಮಸೂರ ಬೇಳೆ ಸುಲಭವಾಗಿ ಬೇಯುತ್ತವೆ. ಚಿಕ್ಕ ಲೋಟದ ಅಳತೆಯಲ್ಲಿ ಅರ್ಧ ಲೋಟ ಅಕ್ಕಿ, ಅಷ್ಟೇ ಹೆಸರುಬೇಳೆ, ಹೆಚ್ಚಿದ ಕ್ಯಾರೆಟ್ ಬೀನ್ಸ್, ಒಂದು ಹಿಡಿ ಸೊಪ್ಪು, ಜಜ್ಜಿದ ಮೆಣಸು, ಜೀರಿಗೆ, ಶುಂಠಿ, ಅರಿಶಿನ, ಉಪ್ಪು, ಸುಮಾರು ನಾಲ್ಕು ಲೋಟ ನೀರು, ಇಷ್ಟನ್ನೂ ಒಟ್ಟಿಗೆ ಹಾಕಿದರೆ ಖಾರದ ಪೊಂಗಲ್ ಸಿದ್ಧ. ಮುಚ್ಚಳದಿಂದ ಉಕ್ಕುವ ಲಕ್ಷಣ ಕಂಡರೆ ಸ್ವಲ್ಪ ಓರೆ ಮಾಡಿ. ಸಾರಿನ ಪುಡಿ, ಹುಣಸೆ, ಟೊಮೆಟೊ ಹಾಕಿದರೆ ಅದೇ ಬಿಸಿಬೇಳೆಬಾತಿನ ಬಡ ತಮ್ಮ. ಕೆಟಲ್ ಮಾತ್ರ ಇರುವವರು ಅದರಲ್ಲಿ ನೀರನ್ನಷ್ಟೇ ಕುದಿಸುವುದು ಒಳ್ಳೆಯದು: ಹಾಲು ಉಕ್ಕುತ್ತದೆ, ತಳ ಹಿಡಿಯುತ್ತದೆ. ಚೆನ್ನಾಗಿ ತೊಳೆದ ಮೊಟ್ಟೆಗಳನ್ನು ನೀರಿನೊಡನೆ ಕುದಿಸಿ, ಕೆಟಲ್ ಆರಿದ ಮೇಲೆ ಮುಚ್ಚಳ ತೆಗೆಯದೆ ಹದಿನೈದು ನಿಮಿಷ ಬಿಟ್ಟರೆ ಬೆಂದಿರುತ್ತವೆ. ಅಂಗಡಿಯ ಒಣ ಅಕ್ಕಿ ಶಾವಿಗೆಯನ್ನು ಕುದಿಯುವ ನೀರಿನಲ್ಲಿ ಕೆಲವು ನಿಮಿಷ ನೆನೆಸಿ ಬಸಿದು, ನಿಂಬೆರಸ, ಶೇಂಗಾ, ಕಾಯಿತುರಿ ಬೆರೆಸಿದರೆ ಚಿತ್ರಾನ್ನದ ನೆನಪಾಗುತ್ತದೆ.

ಫ್ರಿಜ್ ಇಲ್ಲದ ಕಡೆ ಎಚ್ಚರ ಬೇಕಾದದ್ದು ಮೂರ್ನಾಲ್ಕು ಪದಾರ್ಥಗಳಲ್ಲಿ. ರಾತ್ರಿಯ ಅನ್ನವನ್ನು ಕೋಣೆಯ ಸೆಕೆಯಲ್ಲಿ ಹಾಗೆಯೇ ಇಟ್ಟು ಬೆಳಿಗ್ಗೆ ಒಗ್ಗರಣೆ ಹಾಕುವುದು ಬೇಡ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮೊಳಕೆ ಕಾಳು ಬೆಚ್ಚಗೆ ಒದ್ದೆಯಾಗಿರುವ ಕಾರಣಕ್ಕೇ ಸೂಕ್ಷ್ಮಾಣುಗಳಿಗೂ ಪ್ರಿಯ, ಹಸಿಯಾಗಿ ತಿನ್ನುವ ಬದಲು ಕುಕ್ಕರಿನಲ್ಲಿ ಹಬೆಯಾಡಿಸಿ ತಿನ್ನಿ. ಅರೆಬೆಂದ ರಾಜ್ಮಾ ವಾಂತಿ ಭೇದಿ ತರಿಸುತ್ತದೆ, ಹಾಗಾಗಿ ಪ್ರೆಶರ್ ಕುಕ್ಕರ್ ಇಲ್ಲದ ಕೋಣೆಗೆ ಅದು ಬರುವುದೇ ಬೇಡ. ಮೊಸರನ್ನು 200 ಗ್ರಾಮಿನ ಪೊಟ್ಟಣದಲ್ಲಿ ತಂದು ಆ ದಿನವೇ ಮುಗಿಸಿ. ನಂದಿನಿ ಗುಡ್‌ಲೈಫ್‌ನಂಥ ಯುಎಚ್‌ಟಿ ಹಾಲಿಗೆ, ಅಂದರೆ ಅತಿ ಹೆಚ್ಚು ಶಾಖದಲ್ಲಿ ಕಾಯಿಸಿ ಪೊಟ್ಟಣ ಕಟ್ಟಿದ ಹಾಲಿಗೆ, ಪೊಟ್ಟಣ ಒಡೆಯುವ ತನಕ ಫ್ರಿಜ್ ಬೇಕಿಲ್ಲ.

ನೂಡಲ್ಸ್ ತಿನ್ನಲೇಬಾರದೆಂದು ನಾನು ಹೇಳುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಲೈಬ್ರರಿಯಿಂದ ಬಂದವರಿಗೆ ಕೋಸಂಬರಿಯ ಉಪದೇಶ ಮಾಡುವುದು ಕ್ರೌರ್ಯವೇ ಸರಿ. ಮಸಾಲೆ ಪೊಟ್ಟಣದ ಅರ್ಧ ಮಾತ್ರ ಹಾಕಿ, ಒಂದು ಮೊಟ್ಟೆ ಮತ್ತು ಒಂದಿಷ್ಟು ತರಕಾರಿ ಸೇರಿಸಿದರೆ ಉಪ್ಪೂ ಇಳಿಯುತ್ತದೆ, ಊಟದ ಲಕ್ಷಣವೂ ಬರುತ್ತದೆ.

ಹಾಸ್ಟೆಲ್ ಮತ್ತು ಪಿಜಿ ನಡೆಸುವವರಿಗೂ ಒಂದು ಮಾತು ಹೇಳಬೇಕು. ಕೋಣೆಯೊಳಗೆ ಅಡುಗೆ ನಿಷೇಧ ಎಂಬ ಫಲಕ ಹಾಕುವುದು ಸುಲಭ, ಬೆಂಕಿಯ ಭಯವೂ ನ್ಯಾಯವಾದದ್ದೇ. ಆದರೆ ನಿಷೇಧದ ಫಲವಾಗಿ ಕೆಟಲ್‌ಗಳು ಮಂಚದ ಕೆಳಗೆ, ಹಾಸಿಗೆ ಬಟ್ಟೆಗಳ ನಡುವೆ ಅಡಗಿ ಕುದಿಯುತ್ತವೆ, ಅದು ಇನ್ನೂ ಅಪಾಯ. ಮಹಡಿಗೊಂದರಂತೆ ಕಲ್ಲಿನ ಕಟ್ಟೆ, ಪ್ರತ್ಯೇಕ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಆರುವ ಸ್ವಿಚ್) ಇರುವ ಎರಡು 16 ಆಂಪಿಯರ್ ಸಾಕೆಟ್, ಒಂದು ನಲ್ಲಿ, ಒಂದು ಹಳೆಯ ಫ್ರಿಜ್ ಒದಗಿಸಿದರೆ ಆಗುವ ಖರ್ಚು, ಬಾಡಿಗೆದಾರರಿಂದ ಮುಂಗಡವಾಗಿ ಪಡೆಯುವ ಹಣದ ಮುಂದೆ ದೊಡ್ಡದಲ್ಲ. ಕೋಣೆ ನೋಡಲು ಹೋಗುವವರೂ ವೈಫೈ ಪಾಸ್‌ವರ್ಡ್ ಕೇಳುವ ಮೊದಲು ಇದನ್ನು ಕೇಳಲಿ.