ಪ್ರಾಗ್ ಕವರ್ ಆಯಿತಂತೆ

"ಎಲ್ಲರೂ ಬಂದರಾ? ಸರಿ ಹಾಗಾದರೆ, ಪ್ರಾಗ್ ಕವರ್ ಆಯಿತು!" ಎಂದು ನಮ್ಮ ಟೂರ್ ಮ್ಯಾನೇಜರ್ ಹುಡುಗ ಬಸ್ಸಿನ ಮೈಕಿನಲ್ಲಿ ಘೋಷಿಸಿದ. ಚೆಕ್ ದೇಶದ ರಾಜಧಾನಿ ಒಂದೇ ಮಾತಿನಲ್ಲಿ ಮುಗಿಯಿತು. 38 ಜನ ಚಪ್ಪಾಳೆ ತಟ್ಟಿದರು. 39ನೆಯವಳಾದ ನಾನು ಕಿಟಕಿಯ ಕಡೆ ತಿರುಗಿಕೊಂಡು ಹಲ್ಲು ಕಡಿದೆ. ಅಕ್ಕ ಮೊಣಕೈಯಿಂದ ತಿವಿದಳು. ನನ್ನ ಹಲ್ಲು ಕಡಿಯುವ ಸದ್ದು ಅವಳಿಗೆ ಚಿಕ್ಕಂದಿನಿಂದ ಗೊತ್ತು.

ಗುಂಪು ಪ್ರವಾಸದ ಬಗ್ಗೆ ನಾನು ಇಲ್ಲಿ ಎಷ್ಟು ಸಲ ಕೂಗಾಡಿದ್ದೇನೆ ಎಂಬುದು ನಿಮಗೆಲ್ಲ ಗೊತ್ತಿದೆ. "ಆದರೂ ಹೋದಿರಲ್ಲ ಮೇಡಂ" ಎಂದು ಕೇಳಲಿರುವ ಹಳೆಯ ವಿದ್ಯಾರ್ಥಿಗಳಿಗೆ ಮೊದಲೇ ಹೇಳಿಬಿಡುತ್ತೇನೆ: ದುಡ್ಡು ಅಕ್ಕನದು.

ಲೆಕ್ಕ ಕೇಳಿ. ಹಳೆಯ ಪಟ್ಟಣದ ಚೌಕಕ್ಕೆ 40 ನಿಮಿಷ. ಚಾರ್ಲ್ಸ್ ಸೇತುವೆಗೆ 20. ಕೋಟೆಯನ್ನು ನದಿಯ ಈಚೆ ದಡದಿಂದಲೇ ಬೆರಳು ತೋರಿಸಿ ಮುಗಿಸಿದರು. ಕ್ರಿಸ್ಟಲ್ ಗಾಜಿನ ಅಂಗಡಿಗೆ ಮಾತ್ರ ಒಂದೂಕಾಲು ಗಂಟೆ! ಕವರ್ ಎಂದರೆ ಮುಚ್ಚುವುದು ತಾನೇ? ಆ ಅರ್ಥದಲ್ಲಿ ಹುಡುಗ ಹೇಳಿದ್ದು ಸರಿಯಾಗಿಯೇ ಇದೆ.

ಚೌಕದ ಪುರಭವನದ ಗೋಡೆಯಲ್ಲಿರುವ ಖಗೋಳ ಗಡಿಯಾರ 1410ರದು. ಗಂಟೆಗೊಮ್ಮೆ ಮೇಲಿನ ಎರಡು ಪುಟ್ಟ ಕಿಟಕಿಗಳು ತೆರೆದು ಯೇಸುವಿನ ಶಿಷ್ಯರಾದ ಹನ್ನೆರಡು ಅಪೊಸ್ತಲರು ಒಬ್ಬೊಬ್ಬರಾಗಿ ಇಣುಕಿ ಹೋಗುತ್ತಾರೆ. ಪಕ್ಕದಲ್ಲಿ ನಿಂತ ಅಸ್ಥಿಪಂಜರ ಗಂಟೆ ಬಾರಿಸುತ್ತದೆ. ಉಳಿದ ಬೊಂಬೆಗಳು "ಇನ್ನೂ ಬೇಡ, ಈಗಲೇ ಬೇಡ" ಎನ್ನುವಂತೆ ತಲೆಯಾಡಿಸುತ್ತವೆ. ಅವುಗಳಲ್ಲಿ ಒಂದು, ಕೈಗನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುವ ಒಣಜಂಬದ ಬೊಂಬೆ. ಅದರ ಕೆಳಗೆ ನಮ್ಮ ಗುಂಪು ಗಡಿಯಾರಕ್ಕೆ ಬೆನ್ನು ಹಾಕಿ, ಮೊಬೈಲ್ ಎತ್ತಿ ಹಿಡಿದು, ತಮ್ಮನ್ನೇ ನೋಡಿಕೊಳ್ಳುತ್ತಾ ನಿಂತಿತ್ತು. ಕೊನೆಗೆ ಮೇಲಿನ ಕೋಳಿ ಕೂಗಿದ್ದನ್ನು ಕೇಳಿಸಿಕೊಂಡವರು ಯಾರೂ ಇದ್ದಂತಿಲ್ಲ.

ಗೈಡ್ ಹೇಳಿದ ಕಥೆಯನ್ನಂತೂ ಎಲ್ಲರೂ ಬಾಯಿ ತೆರೆದು ಕೇಳಿದರು. ಹನುಷ್ ಎಂಬ ಕುಶಲಕರ್ಮಿ ಇಂಥದ್ದನ್ನು ಬೇರೆ ಊರಿಗೆ ಮಾಡಿಕೊಡಬಾರದೆಂದು ನಗರದ ಹಿರಿಯರು ಅವನ ಕಣ್ಣು ಕೀಳಿಸಿದರಂತೆ. ಸುಳ್ಳು. ಗಡಿಯಾರ ಮಾಡಿದವನು ಕಡಾನ್ ಊರಿನ ಮಿಕುಲಾಷ್, ಅವನ ಕಣ್ಣಿಗೆ ಯಾರೂ ಕೈ ಹಾಕಲಿಲ್ಲ. ನಾವೇನು ಕಡಿಮೆಯೇ? ಜಕಣಾಚಾರಿಯ ಕೈ ಕಡಿಸಿ ಕೈದಾಳಕ್ಕೆ ಕರೆತಂದವರು ನಾವು. ಒಳ್ಳೆಯ ಕೆಲಸ ಮಾಡಿದವನ ಒಂದಾದರೂ ಅಂಗ ತೆಗೆಯದೆ ಕಥೆ ಹೇಳುವವರಿಗೆ ಸಮಾಧಾನವಿಲ್ಲ.

ಗೈಡ್ ಹೇಳದೆ ಬಿಟ್ಟದ್ದು ಅಲ್ಲೇ ಮೂಲೆ ತಿರುಗಿದರೆ ನೆಲದಲ್ಲಿತ್ತು. ಕಲ್ಲುಹಾಸಿನಲ್ಲಿ ಕೂರಿಸಿದ 27 ಬಿಳಿ ಶಿಲುಬೆಗಳು. 1621ರ ಜೂನ್ 21ರಂದು, ಆಗ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ದೊರೆಯ ವಿರುದ್ಧ ದಂಗೆಯೆದ್ದ 27 ಮಂದಿಯನ್ನು ಅಲ್ಲಿ ಕೊಂದರು. ಹನ್ನೆರಡು ಜನರ ತಲೆಗಳು ಸೇತುವೆಯ ಗೋಪುರದ ಮೇಲೆ ತೂಗಾಡಿದವು, ಹೆಚ್ಚಿನವು ಹತ್ತು ವರ್ಷ. ನಮ್ಮವರು 20 ನಿಮಿಷದಲ್ಲಿ ಮುಗಿಸಿದರಲ್ಲ, ಅದೇ ಸೇತುವೆ. ನಾನು ನೋಡುತ್ತಿದ್ದಂತೆ ನಮ್ಮ ಗುಂಪಿನ ಒಬ್ಬರು ಶಿಲುಬೆಯೊಂದರ ಮೇಲೆ ನಿಂತು ಐಸ್‌ಕ್ರೀಂ ತಿನ್ನುತ್ತಿದ್ದರು.

ಬೈಯಲು ಬಾಯಿ ತೆರೆದೆ. ಮುಚ್ಚಿದೆ. ಯಾಕೆಂದರೆ ಮೂವತ್ತು ವರ್ಷ ಪದವಿ ತರಗತಿಗೆ ಯೂರೋಪಿನ ಇತಿಹಾಸ ಪಾಠ ಹೇಳಿದವಳು ನಾನು. 1618ರಲ್ಲಿ ಇದೇ ಊರಿನ ಕೋಟೆಯ ಕಿಟಕಿಯಿಂದ ದೊರೆಯ ಇಬ್ಬರು ಪ್ರತಿನಿಧಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಹೊರಗೆಸೆದರು, ಮೂವರೂ ಬದುಕಿಕೊಂಡರು ಎಂದಾಗ ತರಗತಿ ನಗುತ್ತಿತ್ತು. ನಗು ನಿಲ್ಲುವುದರೊಳಗೆ ಅದೇ ದಂಗೆಯಿಂದ ಹೊತ್ತಿಕೊಂಡ ಮೂವತ್ತು ವರ್ಷಗಳ ಯುದ್ಧ: ಕಾರಣಗಳು, ಪರಿಣಾಮಗಳು, ಹತ್ತು ಅಂಕ. ಒಂದೇ ಪೀರಿಯಡ್ಡು. ಈ 27 ಮಂದಿಯ ಹೆಸರನ್ನು ನಾನು ಒಮ್ಮೆಯೂ ಎತ್ತಲಿಲ್ಲ. ಸ್ಟಾಫ್ ರೂಮಿಗೆ ಬಂದು ಏನು ಹೇಳುತ್ತಿದ್ದೆ ಗೊತ್ತೇ? "ಅಬ್ಬಾ, ಪೋರ್ಷನ್ ಕವರ್ ಆಯಿತು."

ಇರಲಿ. ನನ್ನ ಪಾಪ ನನಗೆ. ಅದರಿಂದ ಅಂಗಡಿಯವರ ಪಾಪ ಕಡಿಮೆಯಾಗುವುದಿಲ್ಲ.

ಅಕ್ಕನ ವಾದ ಬೇರೆ. "ಎಪ್ಪತ್ತು ದಾಟಿದವರು ಇದ್ದಾರೆ, ಮಂಡಿ ನೋವು, ಸಸ್ಯಾಹಾರ, ವೀಸಾದ ರಗಳೆ. ಇಷ್ಟಾದರೂ ನೋಡಿದರಲ್ಲ, ಅದಕ್ಕೆ ಸಂತೋಷಪಡು." ಒಪ್ಪಿದೆ. ಒಪ್ಪಿ ಪಕ್ಕಕ್ಕಿಟ್ಟೆ. ಮಂಡಿ ನೋಯುವವರನ್ನು ಚೌಕದ ಬೆಂಚಿನ ಮೇಲೆ ಕೂರಿಸಬಹುದಿತ್ತು. ಗಾಜಿನ ಬಟ್ಟಲುಗಳ ನಡುವೆ ಒಂದೂಕಾಲು ಗಂಟೆ ನಿಲ್ಲಿಸಿದರೆ ಮಂಡಿಗೇನು ಸುಖ? ನಮಗೆ ಸಮಯ ಸಾಲಲಿಲ್ಲ ಎನ್ನುವುದೇ ಸುಳ್ಳು. ಸಮಯವಿತ್ತು, ಮಾರಿಕೊಂಡರು.

(ಅದೇ ಅಂಗಡಿಯಲ್ಲಿ ಮೊದಲ ಹದಿನೈದು ನಿಮಿಷದಲ್ಲೇ ಆರು ಲೋಟ ಕೊಂಡವಳೂ ನಾನೇ. ಸ್ವೆಟರಿನೊಳಗೆ ಸುತ್ತಿಟ್ಟಿದ್ದೇನೆ. ಯಾರೂ ಮಾತಾಡಬೇಡಿ.)

ಲೋಟ ಅಕ್ಕನ ಕೈಗೆ ಕೊಟ್ಟು ಮೆಲ್ಲನೆ ಜಾರಿಕೊಂಡೆ. ಹತ್ತಿರದ ಯಹೂದಿ ಕೇರಿಯಲ್ಲಿ ಪಿಂಕಸ್ ಸಿನಗಾಗ್ ಎಂಬ ಅವರ ಹಳೆಯ ಪ್ರಾರ್ಥನಾ ಮಂದಿರವಿದೆ. ನಾಜಿಗಳು ಕೊಂದ, ಇಂದಿನ ಚೆಕ್ ದೇಶದ ಭಾಗಗಳಾದ ಬೊಹಿಮಿಯಾ ಮತ್ತು ಮೊರಾವಿಯಾದ ಸುಮಾರು 78,000 ಯಹೂದಿಗಳ ಹೆಸರುಗಳನ್ನು ಅದರ ಗೋಡೆಗಳ ಮೇಲೆ ಕೈಯಿಂದ ಬರೆದಿದ್ದಾರೆ. ದೂರದಿಂದ ಬಣ್ಣ ಮಾಸಿದ ಗೋಡೆಯಂತೆ ಕಂಡಿತು. ಹತ್ತಿರ ಹೋದಂತೆ ಅಕ್ಷರವಾಯಿತು. ಕೆಂಪಿನಲ್ಲಿ ಮನೆತನದ ಹೆಸರು, ಮುಂದೆ ಆ ಮನೆಯವರು, ಹುಟ್ಟಿದ ದಿನ, ಸತ್ತ ದಿನ ಇಲ್ಲವೇ ಬದುಕಿದ್ದರೆಂದು ಕೊನೆಯದಾಗಿ ತಿಳಿದ ದಿನ. ಮೊದಲು ಬರೆದದ್ದು 1950ರ ದಶಕದಲ್ಲಿ. ಕಮ್ಯುನಿಸ್ಟರ ಆಳ್ವಿಕೆಯಲ್ಲಿ ಅವು ಅಳಿಸಿಹೋದವು. 1990ರ ದಶಕದಲ್ಲಿ ಅಷ್ಟನ್ನೂ ಮತ್ತೆ ಮೊದಲಿನಿಂದ ಬರೆದರು. ನಾನು ಒಂದು ಮೂಲೆ ಹಿಡಿದು ಓದತೊಡಗಿದೆ. ಮಹಡಿಯ ಮೇಲೆ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಟೆರೆಜಿನ್ ಶಿಬಿರದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ನೋಡಿದೆ, ಅದರ ಬಗ್ಗೆ ಇವತ್ತು ಬರೆಯಲಾರೆ. ಕೆಳಗಿಳಿದು ಮತ್ತೆ ಅದೇ ಮೂಲೆಗೆ ಬಂದು ನಿಂತೆ. ಒಂದು ಮೊಳ ಗೋಡೆಯೂ ಮುಗಿದಿರಲಿಲ್ಲ, ಮೊಬೈಲ್ ಹೊಡೆದುಕೊಂಡಿತು. "ಆಂಟಿ, ಎಲ್ಲಿದ್ದೀರಿ? ಬಸ್ಸು ನಿಮಗೋಸ್ಕರ ನಿಂತಿದೆ."

25 ನಿಮಿಷ ತಡ. ಬಸ್ಸು ಹತ್ತುವಾಗ 38 ಜೊತೆ ಕಣ್ಣುಗಳು. ಇತಿಹಾಸದ ಮೇಷ್ಟರಮ್ಮ ಎದೆ ಸೆಟೆಸಿ ನಿಜ ಹೇಳಬೇಕಿತ್ತು. "ಹೊಟ್ಟೆ ಕೆಟ್ಟಿತ್ತು" ಎಂದೆ.

ತಕ್ಷಣ ಇಡೀ ಬಸ್ಸು ಕರಗಿತು. ಶಿಲುಬೆಯ ಮೇಲೆ ಐಸ್‌ಕ್ರೀಂ ತಿಂದ ಆ ಯಜಮಾನರೇ ಎದ್ದು ಬಂದು ಓಆರ್‌ಎಸ್ ಪುಡಿಯನ್ನು ಬಾಟಲಿಗೆ ಸುರಿದು, ಕುಲುಕಿ, ಪೂರ್ತಿ ಕುಡಿಯುವವರೆಗೂ ಪಕ್ಕದಲ್ಲೇ ನಿಂತರು. ರಾತ್ರಿ ಊಟಕ್ಕೆ ಎಲ್ಲರಿಗೂ ಪೂರಿ, ನನಗೊಬ್ಬಳಿಗೆ ಮೊಸರನ್ನ. ಅಕ್ಕನಿಗೆ ಮಾತ್ರ ಎಲ್ಲ ಗೊತ್ತಿತ್ತು. ನನ್ನ ಎದುರೇ ಕುಳಿತು ಮೂರನೆಯ ಪೂರಿ ಹಾಕಿಸಿಕೊಂಡಳು.

ನಾಳೆ ಬೆಳಿಗ್ಗೆ ಎಂಟಕ್ಕೆ ವಿಯೆನ್ನಾ. ಮಧ್ಯಾಹ್ನದ ಊಟದೊಳಗೆ ಕವರ್ ಆಗುತ್ತದಂತೆ.