ಟೋಪಿಯೂ ಬಿತ್ತು, ಮೂರು ನಾಮವೂ ಬಿತ್ತು

ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯದಲ್ಲಿ ಮೂರು ದಿನ ಸುತ್ತಿ ನಾನೂರು ಚಿಲ್ಲರೆ ಫೋಟೋ ತೆಗೆದೆ. ಮುಖ ಕಾಣುವುದು ಹನ್ನೊಂದರಲ್ಲಿ, ಅದರಲ್ಲೂ ನಾಲ್ಕು ಹೆಂಡತಿಯವು. ಮಿಕ್ಕಿದ್ದೆಲ್ಲ ಬರೀ ಅಂಡು. ನಾನು ಕ್ಯಾಮೆರಾದ ಮುಚ್ಚಳ ತೆಗೆದು, ಅದನ್ನು ಎಲ್ಲೋ ಬೀಳಿಸಿ, ಫೋಕಸ್ ಮಾಡುವಷ್ಟರಲ್ಲಿ ಪ್ರಾಣಿ ಬೆನ್ನು ತಿರುಗಿಸಿರುತ್ತಿತ್ತು.

ಮೊದಲ ದಿನ ಕೊಂಬಿದ್ದದ್ದನ್ನೆಲ್ಲ "ಜಿಂಕೆ, ಜಿಂಕೆ" ಅಂತ ಕೂಗಿದೆ. ಮಧ್ಯಾಹ್ನದೊಳಗೆ ಡ್ರೈವರ್‌ಗೂ ಆ ಪದ ಬಾಯಿಗೆ ಬಂತು. ಸಂಜೆ ದೂರದ ಹುತ್ತದ ಮೇಲೆ ಕಂದು ಬಣ್ಣದ್ದೇನೋ ಗತ್ತಿನಿಂದ ನಿಂತಿತ್ತು. "ಸಿಂಹ!" ಅಂತ ಕಿರುಚಿ ಗಾಡಿ ತಿರುಗಿಸಿದೆ. ಹತ್ತಿರ ಹೋದರೆ ಟೋಪಿ. ಅದು ಪ್ರಾಣಿಯ ಹೆಸರೇ, ಸುಮ್ನೆ ಹೇಳುತ್ತಿಲ್ಲ. ತೊಡೆಯ ಮೇಲೆ ಜೀನ್ಸ್ ಹಾಕಿದಂಥ ನೀಲಿಗಪ್ಪು ಮಚ್ಚೆ. ಸಿಂಹ ಬರುತ್ತಿದೆಯಾ ಅಂತ ನೋಡಲು ಹುತ್ತ ಹತ್ತಿದ್ದ ಪ್ರಾಣಿಯನ್ನೇ ನಾನು ಸಿಂಹ ಅಂದಿದ್ದೆ!

ನನ್ನ ಕಾಟ ತಡೆಯಲಾರದೆ ಡ್ರೈವರ್ ಗುಟ್ಟು ಹೇಳಿದ: ನೀವು ಜಿಂಕೆ ಅನ್ನುವುದೆಲ್ಲ ಬೇರೆ ಬೇರೆ ಜಾತಿ, ಗುರುತು ಹಿಡಿಯೋಕೆ ಮುಖ ಬಿಡಿ, ಹಿಂದೆ ನೋಡಿ. ಬಾಲದ ಎರಡೂ ಪಕ್ಕ ಕಪ್ಪು ಗೆರೆ, ನಡುವೆ ಬಾಲದ ಗೆರೆ, ಥೇಟ್ ಮೂರು ನಾಮ ಇದ್ದರೆ ಇಂಪಾಲಾ. ಬಿಳಿ ಬಣ್ಣ ಬಾಲದ ಬುಡಕ್ಕೇ ನಿಂತರೆ ಥಾಮ್ಸನ್ ಗಜೆಲ್, ಬಾಲ ದಾಟಿ ಮೇಲೆ ಹತ್ತಿದ್ದರೆ ಗ್ರಾಂಟ್ ಗಜೆಲ್. ಥಾಮ್ಸನ್‌ನ ಬಾಲವಂತೂ ವೈಪರ್ ಥರ, ನಿಲ್ಲುವುದೇ ಇಲ್ಲ. ಅಂದರೆ ನನ್ನ ಫೋಟೋಗಳೆಲ್ಲ ಶಾಸ್ತ್ರೋಕ್ತವಾಗೇ ಇದ್ದವು, ಅಲ್ವಾ?

ಇನ್ನು ಊಟದ್ದೂ ಒಂದು ಲೆಕ್ಕ ಇದೆ. ಜೀಬ್ರಾಗೆ ಮೇಲೂ ಕೆಳಗೂ ಮುಂದಿನ ಹಲ್ಲು, ಹಾಗಾಗಿ ಉದ್ದನೆಯ ಒರಟು ಹುಲ್ಲನ್ನು ಕಚಕ್ ಅಂತ ಕತ್ತರಿಸುತ್ತದೆ. ಮೆಲುಕು ಹಾಕುವುದಿಲ್ಲ, ಕಳಪೆ ಹುಲ್ಲಾದರೂ ಸರಿ, ಜಾಸ್ತಿ ತಿಂದು ಸರಿದೂಗಿಸುತ್ತದೆ. ಅದು ಮೇಲಿನದ್ದು ತೆಗೆದ ಮೇಲೆ ಕೆಳಗಿನ ಎಲೆ ವಿಲ್ಡಬೀಸ್ಟ್ ಅನ್ನೋ ದೊಡ್ಡ ಹುಲ್ಲೆಗೆ, ಕೊನೆಗೆ ನೆಲಕ್ಕಂಟಿದ ಚಿಗುರು ಥಾಮ್ಸನ್‌ಗೆ. ನಮ್ಮ ಮದುವೆ ಮನೆಯ ಮೂರನೇ ಪಂಕ್ತಿಯವರಿಗೂ ಹೀಗೆ ಅವರಿಗೆ ಬೇಕಾದದ್ದೇ ಉಳಿದಿದ್ದರೆ!

ರಾತ್ರಿ ಮನೆಯ ವಾಟ್ಸಾಪ್ ಗ್ರೂಪಿಗೆ ಅರವತ್ತು ಫೋಟೋ ಹಾಕಿದೆ. ಅಮ್ಮ ಫೋನ್ ಮಾಡಿದರು. "ಇದನ್ನ ತೋರಿಸೋಕೆ ಅಷ್ಟು ದೂರ ಹೋದ್ಯೇನೋ?" ವಿಲ್ಡಬೀಸ್ಟ್‌ಗೆ ಮೇಲ್ದವಡೆಯ ಮುಂದಿನ ಹಲ್ಲೇ ಇಲ್ಲ ಗೊತ್ತಾ, ಅಂತ ಜಂಬದಿಂದ ವಿವರಿಸಿದೆ. "ನಮ್ಮ ಕೊಟ್ಟಿಗೇಲಿದ್ದ ಹಸುಗೂ ಇರ್ಲಿಲ್ಲ. ಹತ್ತು ವರ್ಷ ಹುಲ್ಲು ಹಾಕಿದ್ದೀಯ, ನೋಡೇ ಇಲ್ವಾ?" ಅಂದರು. ಆಮೇಲೆ, "ಆ ಕೊನೇದು ಯಾವ ಪ್ರಾಣಿನೋ, ಖಾಕಿ ಬಣ್ಣದ್ದು, ದಪ್ಪಗಿದೆ?"

ಹಿಗ್ಗಿಸಿ ನೋಡಿದೆ. ಹೆಂಡತಿ ತೆಗೆದಿದ್ದು. ಸೀಟಿನ ಕೆಳಗೆ ನಾನು ಕ್ಯಾಮೆರಾದ ಮುಚ್ಚಳ ಹುಡುಕುತ್ತಿದ್ದೆ.